ತಲೆ ಬಗ್ಗಿಸುವ ಗುಲಾಬಿ

ಹೊನ್ನಯ್ಯ ಯಾವ ಹೂವನ್ನೂ ಸುಲಭಕ್ಕೆ ಒಪ್ಪಿದವನಲ್ಲ. ತರೀಕೆರೆಯ ಅಡಿಕೆ ಸಾಹುಕಾರ ಶಿವಮೂರ್ತಪ್ಪನ ಹೂದೋಟದಲ್ಲಿ ಅವನು ಮಾಲಿಯಾಗಿದ್ದ. ಊರವರು ಯಾರಾದರೂ ತಮ್ಮ ಅಂಗಳದ ಗುಲಾಬಿಯನ್ನು ತಂದು ತೋರಿಸಿದರೆ ಎರಡು ಬೆರಳಿನಲ್ಲಿ ಹಿಡಿದು, ಒಮ್ಮೆ ಮೂಸಿ, ತಂದವರ ಕೈಗೇ ವಾಪಸು ಕೊಟ್ಟು, "ದನಕ್ಕೆ ಹಾಕಿ" ಎನ್ನುತ್ತಿದ್ದ. ಮನುಷ್ಯರ ಬಗ್ಗೆ ಅಷ್ಟೂ ಮಾತು ಖರ್ಚು ಮಾಡುತ್ತಿರಲಿಲ್ಲ; ಸುಮ್ಮನೆ ಮೇಲಿಂದ ಕೆಳಗೆ ನೋಡುತ್ತಿದ್ದ. ಆ ನೋಟಕ್ಕೆ ಸಿಕ್ಕವರು ಎರಡನೆಯ ಸಲ ಅವನ ಹತ್ತಿರ ಸುಳಿಯುತ್ತಿರಲಿಲ್ಲ.

ಈ ಸೊಕ್ಕು ಅವನಿಗೆ ಅಂಟಿದ್ದು ಕಡೂರಿನಲ್ಲಿ. ಹರೆಯದಲ್ಲಿ ರೈಲ್ವೆ ಎಂಜಿನಿಯರ್ ದೊರೆಯೊಬ್ಬನ ಬಂಗಲೆಗೆ ನೀರು ಹಾಕುವ ಕೆಲಸಕ್ಕೆ ಸೇರಿದ್ದ. ಗುಲಾಬಿಗೆ ಕಣ್ಣು ಕೂರಿಸುವುದು ದೊರೆಯ ಹುಚ್ಚು. ಒಳ್ಳೆಯ ಗಿಡದ ಕಡ್ಡಿಯಿಂದ ಚಿಗುರೊಡೆಯುವ ಒಂದು ಕಣ್ಣನ್ನು ಸಿಪ್ಪೆಸಮೇತ ಎಬ್ಬಿಸಿ, ಕಾಡುಗುಲಾಬಿಯ ತೊಗಟೆ ಸೀಳಿ ಒಳಗೆ ಸೇರಿಸಿ, ಬಾಳೆನಾರಿನಿಂದ ಕಟ್ಟುವುದು. ಹೊನ್ನಯ್ಯ ನೋಡಿ ನೋಡಿಯೇ ಕಲಿತ. ದೊರೆ ಹತ್ತು ಕೂರಿಸಿದರೆ ನಾಲ್ಕು ಚಿಗುರುತ್ತಿದ್ದವು, ಇವನದು ಹತ್ತಕ್ಕೆ ಹತ್ತೂ. ಅಂದಿನಿಂದ ಅವನಿಗೆ ದೊರೆಯ ಮೇಲೂ ತಾತ್ಸಾರ. ದೊರೆ ವರ್ಗವಾಗಿ ಹೋದಾಗ ಇವನ ಪಾಲಿಗೆ ಒಂದು ಚಾಕು, ಒಂದು ಹಳದಿ ಗುಲಾಬಿ ಗಿಡ ಉಳಿದವು. ಎರಡನ್ನೂ ಎತ್ತಿಕೊಂಡು ತರೀಕೆರೆಗೆ ಬಂದ.

ಶಿವಮೂರ್ತಪ್ಪನಿಗೆ ಹೂವಿನ ಗಂಧಗಾಳಿ ತಿಳಿಯದು. ಮುಳ್ಳು ಚುಚ್ಚಿದರೆ ಗುಲಾಬಿ, ಚುಚ್ಚದಿದ್ದರೆ ದಾಸವಾಳ, ಅಷ್ಟೇ ಅವನ ಲೆಕ್ಕ. ಊರಿಗೆ ಬರುವ ಅಧಿಕಾರಿಗಳು ಹೂದೋಟ ಕಂಡರೆ ಗಾಡಿ ನಿಲ್ಲಿಸುತ್ತಾರೆಂದು ಯಾರೋ ಹೇಳಿದ್ದರಿಂದ ತೋಟ ಮಾಡಿಸಿದ್ದ. ಹೊನ್ನಯ್ಯನಿಗೆ ಅದೇ ಅನುಕೂಲವಾಯಿತು. ಏನೂ ತಿಳಿಯದ ಯಜಮಾನ ಏನನ್ನೂ ಕೇಳುವುದಿಲ್ಲ.

ಹಿತ್ತಲ ಕಡೆಯ ಗೋಡೆಯ ಮರೆಯಲ್ಲಿ ಅವನು ತನ್ನ ಕೆಲಸ ಶುರು ಮಾಡಿದ. ನಾಟಿ ಪನ್ನೀರು ಗುಲಾಬಿಗೆ ವಾಸನೆ ಉಂಟು, ರೂಪವಿಲ್ಲ. ದೊರೆಯ ಹಳದಿಗೆ ರೂಪ ಉಂಟು, ತಾಕತ್ತಿಲ್ಲ; ಮೂರು ದಿನ ಮೋಡ ಮುಚ್ಚಿದರೆ ಎಲೆಗೆಲ್ಲ ಬೂದಿರೋಗ ಬಡಿಯುತ್ತಿತ್ತು. ಹಳದಿ ಹೂವಿನ ಪರಾಗದ ಧೂಳನ್ನು ಕೋಳಿಗರಿಯಲ್ಲಿ ತೆಗೆದು ಪನ್ನೀರಿನ ಹೂವಿಗೆ ಸವರಿ, ಮೇಲೆ ಬಟ್ಟೆ ಕಟ್ಟಿ, ಕಾಯಿ ಹಣ್ಣಾದ ಮೇಲೆ ಬೀಜ ಬಿಡಿಸಿ ಒಡಕು ಮಡಕೆಗಳಲ್ಲಿ ಬಿತ್ತಿದ. ವರ್ಷಕ್ಕೆ ಇಪ್ಪತ್ತು ಮೂವತ್ತು ಸಸಿ ಏಳುತ್ತಿದ್ದವು. ಮೊದಲ ಹೂ ಬಿಡುವವರೆಗೆ ಕಾದು, ನೋಡಿ, ಬುಡಸಮೇತ ಕಿತ್ತು ತಿಪ್ಪೆಗೆ ಎಸೆಯುತ್ತಿದ್ದ. ಹೀಗೆ ಎಂಟು ವರ್ಷ ಎಸೆದ.

ಒಂಬತ್ತನೆಯ ವರ್ಷ ಒಂದು ಸಸಿಯನ್ನು ಎಸೆಯಲಾಗಲಿಲ್ಲ. ಚಿಗುರು ತಾಮ್ರದ ಬಣ್ಣ. ಮುಳ್ಳು ತೀರ ವಿರಳ. ಹೂ ಬೆಳಿಗ್ಗೆ ಮಾಗಿದ ಸೀಬೆಹಣ್ಣಿನ ಒಳಗಿನ ಕೆಂಪಿನಲ್ಲಿ ಅರಳಿ, ಬಿಸಿಲೇರಿದಂತೆ ತಿಳಿಯಾಗುತ್ತ ಸಂಜೆಗೆ ಹಾಲಿನ ಕೆನೆಯಂತಾಗುತ್ತಿತ್ತು. ಎಣಿಸಿದರೆ ನಲವತ್ತಕ್ಕೂ ಮೇಲೆ ಎಸಳು, ಐದು ದಿನ ಒಂದೂ ಉದುರದು. ವಾಸನೆ ಪನ್ನೀರಿನದೇ, ಆದರೆ ಅದರ ಹಿಂದೆ ಕಿತ್ತಳೆ ಸಿಪ್ಪೆ ಹಿಂಡಿದಂಥ ಸಣ್ಣ ಒಗರು. ಮಳೆಗಾಲ ಪೂರ್ತಿ ಎಲೆಗೆ ಬೂದಿ ಬಡಿಯಲಿಲ್ಲ. ಒಂದೇ ಒಂದು ಐಬು: ತೊಟ್ಟು ಸಣ್ಣ, ಹೂ ಭಾರ, ಹಾಗಾಗಿ ಅರಳಿದ ಹೂ ತಲೆ ಬಗ್ಗಿಸುತ್ತಿತ್ತು. ಹೊನ್ನಯ್ಯ ಅದನ್ನು ಎರಡು ಸಲ ಮೂಸಿದ. ಆ ವರ್ಷವೇ ಅದರ ಕಣ್ಣು ತೆಗೆದು ಹದಿನೇಳು ಗಿಡ ಕಟ್ಟಿ, ತಾಯಿಗಿಡದ ಜೊತೆಗೆ ಒಂದು ಪಾತಿಯಲ್ಲಿ ನೆಟ್ಟ.

ಶಿವಮೂರ್ತಪ್ಪ ನೋಡಿದವನೇ, "ಇದಕ್ಕೊಂದು ಹೆಸರಿಡಬೇಕಲ್ಲೋ" ಎಂದ.

"ಈಗ್ಲೇ ಬ್ಯಾಡ ಸಾವ್ಕಾರ್ರೇ. ಇನ್ನೆರಡು ಮಳೆಗಾಲ ನೋಡಾನ."

ಮರುದಿನ ಪಾತಿಯ ಮುಂದೆ ತಗಡಿನ ಹಲಗೆ ಬಂತು: ಸುಲೋಚನಾ ವಿಲಾಸ. ಸುಲೋಚನಮ್ಮ ಎಂದರೆ ಆಗಿನ ಅಮಲ್ದಾರರ ಹೆಂಡತಿ. ಹೂ ತಲೆ ತಗ್ಗಿಸಿದರೆ ಅವರಿಗೆ ಮರ್ಯಾದೆಯಲ್ಲವೆಂದು ಶಿವಮೂರ್ತಪ್ಪ ಒಂದೊಂದು ಹೂವಿನ ಕುತ್ತಿಗೆಗೂ ತೆಂಗಿನಗರಿಯ ಕಡ್ಡಿ ಕಟ್ಟಿಸಿದ. ಹೊನ್ನಯ್ಯ ಕಟ್ಟಲು ಒಪ್ಪಲಿಲ್ಲವಾದ್ದರಿಂದ ಅಡಿಕೆ ಮಂಡಿಯ ಆಳುಗಳು ಬಂದು ಕಟ್ಟಿದರು. ಹದಿನೆಂಟು ಗಿಡಗಳೂ ಕವಾಯತಿಗೆ ನಿಂತ ಪೊಲೀಸರ ಹಾಗೆ ಕಂಡವು.

ವರ್ಷ ತುಂಬುವುದರೊಳಗೆ ಆ ಅಮಲ್ದಾರರಿಗೆ ವರ್ಗವಾಯಿತು. ಹೊಸಬರ ಹೆಂಡತಿ ಕಮಲಾಕ್ಷಮ್ಮ. ಅದೇ ಹಲಗೆಗೆ ಬಣ್ಣ ಬಳಿದು ಕಮಲಾಕ್ಷಿ ವಿಲಾಸ ಎಂದು ಬರೆಸಿದರು. ಬಿಸಿಲು ಬಿದ್ದರೆ ಅಡಿಯಲ್ಲಿ ಸುಲೋಚನಾ ಇನ್ನೂ ಕಾಣುತ್ತಿತ್ತು. ಕಮಲಾಕ್ಷಮ್ಮ ತೋಟ ನೋಡಲು ತಾವೇ ಬಂದರು. ಹಲಗೆಯನ್ನು ಎರಡು ಸಲ ಓದಿಕೊಂಡು, ಆಮೇಲೆ ಕಡ್ಡಿಗಳನ್ನು ನೋಡಿ, "ಇದ್ಯಾಕೆ ಹೀಗೆ ಕಟ್ಟಿದೀರಿ?" ಎಂದು ಕೇಳಿದರು.

ಶಿವಮೂರ್ತಪ್ಪ ಬಾಯಿ ತೆರೆಯುವ ಮೊದಲೇ ಹೊನ್ನಯ್ಯ ಹೇಳಿದ: "ಬಗ್ಗೋದು ಹೂವಿನ ಗುಣ ತಾಯಿ. ಕಟ್ಟೋದು ಸಾವ್ಕಾರ್ರ ಗುಣ."

ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಶಿವಮೂರ್ತಪ್ಪನ ಕಿವಿ ಕೆಂಪಾಯಿತು. ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡ.

ಮೂರನೆಯ ಅಮಲ್ದಾರರು ವಿಧುರರು. ಅವರಿಗೆ ಹೂವೆಂದರೆ ಸೀನು ಬರುತ್ತಿತ್ತು. ಇಷ್ಟವಾದದ್ದು ಇಂಗ್ಲಿಷ್ ತರಕಾರಿ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಶಿವಮೂರ್ತಪ್ಪ ಛತ್ರಿ ಹಿಡಿದು ಪಾತಿಯ ಹತ್ತಿರ ಬಂದ.

"ಇದನ್ನೆಲ್ಲ ಕಿತ್ತುಹಾಕಿ ಹೂಕೋಸು ಹಾಕೋ ಹೊನ್ನಯ್ಯ. ಅದೂ ಹೂವೇ ಅಲ್ವೇನಯ್ಯ?"

ಒಂದು ಮಾತು ಆಡಿದ್ದರೆ ಆಗುತ್ತಿತ್ತೇನೋ. ನಾಲ್ಕು ಗಿಡ ನನಗೆ ಕೊಡಿ ಎಂದು ಕೇಳಿದ್ದರೆ ಸಾಹುಕಾರ ಬಿಡುತ್ತಿದ್ದನೇನೋ. ಆದರೆ ಗುಲಾಬಿಗೂ ದಾಸವಾಳಕ್ಕೂ ವ್ಯತ್ಯಾಸ ಗೊತ್ತಿಲ್ಲದವನ ಮುಂದೆ ಕೈಚಾಚುವುದು ಹೊನ್ನಯ್ಯನಿಂದ ಆಗಲಿಲ್ಲ. ಗುದ್ದಲಿ ತಂದ. ತಾಯಿಗಿಡದಿಂದಲೇ ಶುರು ಮಾಡಿ ಹದಿನೆಂಟನ್ನೂ ಅಗೆದು ಬೇಲಿಯಾಚೆ ಓಣಿಗೆ ಎಸೆದ. ಮೊಗ್ಗಿದ್ದವು, ನೋಡಲಿಲ್ಲ. ಗುದ್ದಲಿಯನ್ನು ಸಾಹುಕಾರನ ಕಾಲ ಹತ್ತಿರ ಇಟ್ಟು, ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದ. ರೈಲು ಹಳಿಯವರೆಗೂ ಸರಿಯಾಗಿಯೇ ನಡೆದ. ಅಲ್ಲಿ ಒಂದು ಕಲ್ಲಿನ ಮೇಲೆ ಕೂತುಬಿಟ್ಟ. ಒಂಬತ್ತು ವರ್ಷದ ಕೆಲಸ, ಎಂದು ಒಂದು ಸಲ ಅನ್ನಿಸಿತು. ಆಮೇಲೆ ತನ್ನ ಮೇಲೆಯೇ ತಾತ್ಸಾರ ಹುಟ್ಟಿತು, ಅದು ಅವನಿಗೆ ಹೊಸದು.

ಅಜ್ಜಂಪುರದಲ್ಲಿ ತಂಗಿಯ ಮನೆ ಸೇರಿ ತೆಂಗಿನ ತೋಟಕ್ಕೆ ನೀರು ಕಟ್ಟಿಕೊಂಡು ಎರಡು ವರ್ಷ ಕಳೆದ. ಗುಲಾಬಿಯ ಮಾತೆತ್ತಿದವರಿಗೆ ಬೆನ್ನು ತೋರಿಸುತ್ತಿದ್ದ. ಯಾವುದೋ ಕೆಲಸಕ್ಕೆ ಬೀರೂರಿನಲ್ಲಿ ಗಾಡಿ ಬದಲಿಸಿ ತರೀಕೆರೆಗೆ ಬಂದಿಳಿದ ದಿನ, ಸ್ಟೇಷನ್ನಿನ ಬಾಗಿಲಲ್ಲಿ ಕಾಲು ನಿಂತಿತು. ಕಿತ್ತಳೆ ಸಿಪ್ಪೆಯ ಒಗರು. ಕೆಂಚಮ್ಮ ಎಂಬ ಹೂ ಮಾರುವವಳ ಬುಟ್ಟಿಯಲ್ಲಿ, ಚೆಂಡುಹೂವಿನ ಜೊತೆ ಬಾಳೆನಾರಿನಲ್ಲಿ ಸೇರಿ ಅವನವೇ ಗುಲಾಬಿಗಳು ಕೂತಿದ್ದವು.

"ಎಲ್ಲಿ ಕದ್ದೆ ಇದನ್ನ?"

"ಬೀದೀಲಿ ಬಿದ್ದಿದ್ದು ಎತ್ಕಂಡ್ರೆ ಕದ್ದಂಗಾಯ್ತದಾ? ಯಾವನೋ ತಲೆಕೆಟ್ಟೋನು ಸಾವ್ಕಾರ್ರ ಓಣಿಗೆ ಕಿತ್ತು ಬಿಸಾಕಿದ್ದ. ಮೇಕೆ ಬರಬಾರ್ದು ಅಂತ ಕಡ್ಡಿ ಕಡಿದು ಸೋರೆಬಳ್ಳಿ ಸುತ್ತ ಬೇಲಿ ನೆಟ್ಟೆ. ಚಿಗುರ್ಕಂಡ್ವು."

"ಆ ತಲೆಕೆಟ್ಟೋನು ನಾನೇ" ಎಂದ ಹೊನ್ನಯ್ಯ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅಂಥ ನೋಟ ಅವನ ಮೇಲೆ ಬಿದ್ದದ್ದು ಅದೇ ಮೊದಲು.

ಅವನು ಅವಳ ಹಿಂದೆಯೇ ಮನೆಗೆ ಹೋದ. ಹಿತ್ತಿಲಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಏಳು ಗಿಡ ಎದೆಮಟ್ಟ ಬೆಳೆದಿದ್ದವು. ಕಸಿಯಿಲ್ಲ, ಕಾಡುಗುಲಾಬಿಯ ಬುಡವಿಲ್ಲ, ಸ್ವಂತ ಬೇರು. ಈ ಜಾತಿ ಕಡ್ಡಿ ಊರಿದರೆ ಬರುವುದಿಲ್ಲವೆಂದು ಅವನೇ ಹತ್ತು ಜನಕ್ಕೆ ಹೇಳಿದ್ದ. ಒಂದು ಸಲವೂ ಊರಿ ನೋಡಿರಲಿಲ್ಲ. ಸುತ್ತ ಒಂದು ಸುತ್ತು ಹಾಕಿ, "ನೀರು ಹೆಚ್ಚಾಗ್ಯದೆ" ಎಂದ.

"ಆಗ್ಲಿ ಬಿಡಣ್ಣ. ಮುಡಿಯೋರು ಇದನ್ನೇ ಕೇಳ್ತಾರೆ. ಬೇರೆ ಗುಲಾಬಿ ತಲೆ ಮ್ಯಾಲೆ ಕೋಲು ನಿಂತಂಗೆ ನಿಂತ್ಕತ್ತದೆ. ಇದು ಬಗ್ಗಿ ಕೂದ್ಲಿಗೆ ಒರಗ್ತದೆ."

ಹೊನ್ನಯ್ಯ ಒಂದು ಹೂ ಕಿತ್ತು ಮೂಸಿದ. ದನಕ್ಕೆ ಹಾಕು ಎನ್ನಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಹೊತ್ತು ಇಳಿಯುವವರೆಗೆ ಕೂತಿದ್ದು, ಕೆಂಚಮ್ಮನ ಮುಂದೆ ಕೈಚಾಚಿ ಕೇಳಿ, ಒಂದು ಹಿಡಿ ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ಆ ಕಡ್ಡಿಗಳು ಚಿಗುರಿ ಗಿಡವಾದ ಮೇಲೆ ಅವನು ಊರೂರು ತಿರುಗಿ ಅವುಗಳ ಕಡ್ಡಿ ನೆಡತೊಡಗಿದ. ಕೇಳಿದವರಿಗೂ ಕೊಟ್ಟ, ಕೇಳದವರಿಗೂ ಕೊಟ್ಟ. ಅಜ್ಜಂಪುರದ ಕಾಮಾಕ್ಷಮ್ಮನ ಅಂಗಳದಲ್ಲಿದ್ದ ಕೆಂಪು ಸೀಮೆಗುಲಾಬಿಯನ್ನಂತೂ ಹೇಳದೆ ಕೇಳದೆ ಕಿತ್ತು, ಆ ಗುಣಿಯಲ್ಲೇ ತನ್ನ ಕಡ್ಡಿ ಊರಿದ. ಆಕೆ ಒಳಗಿನಿಂದ ಪೊರಕೆ ಹಿಡಿದುಕೊಂಡೇ ಬಂದು, "ನಿಂಗೇನು ಬಂದದೆ ಕೇಡು, ನನ್ನ ತವರುಮನೆ ಗಿಡ ಕಣಯ್ಯ ಅದು" ಎಂದು ಬೈದರು. ಹೊನ್ನಯ್ಯ ಮಣ್ಣು ತುಳಿದು ಗಟ್ಟಿ ಮಾಡುತ್ತ, "ಮಣ್ಣು ಒದ್ದೆ ಅದೆ, ಗುರುವಾರದವರೆಗೆ ನೀರು ಹಾಕ್ಬೇಡಿ" ಎಂದು ಹೇಳಿ ಮುಂದಿನ ಮನೆಗೆ ನಡೆದ.