ಡೀಸೆಲ್ಲೋ ಸಿಎನ್‌ಜಿಯೋ

ನನ್ನ ಹೆಂಡತಿ ಪ್ರಯಾಣದ ದಿನ ನೀರು ಕುಡಿಯುವುದಿಲ್ಲ. ಹೈದರಾಬಾದಿನಿಂದ ವಿಜಯಪುರದಲ್ಲಿರುವ ತನ್ನ ಅಕ್ಕನ ಮನೆಗೆ ಹೊರಟರೆ ಹಿಂದಿನ ದಿನದಿಂದಲೇ ಅವಳ ಲೋಟ ಬೋರಲು. ಬಸ್ಸು ನಿಲ್ಲುವ ಕಡೆಯ ಸಂಡಾಸುಗಳಿಗೆ ಅವಳು ಕಾಲಿಡುವುದಿಲ್ಲ; ಒಮ್ಮೆ ಇಟ್ಟು ನೋಡಿದ್ದಾಳೆ. ಎರಡು ವರ್ಷದ ಹಿಂದೆ ಹೀಗೇ ಒಣಗಿಕೊಂಡು ಹೋಗಿ ಬಂದವಳು ಉರಿಮೂತ್ರ, ಜ್ವರ ಅಂತ ಆಸ್ಪತ್ರೆ ಸೇರಿದಳು. ಆಮೇಲೆ ಆ ಕಡೆ ಹೋಗಿರಲಿಲ್ಲ. ಅತ್ತ ಅಕ್ಕ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಫೋನಿನಲ್ಲಿ ಇಬ್ಬರೂ ಮಾತಾಡಿದ್ದಕ್ಕಿಂತ ಮೂಗೊರೆಸಿಕೊಂಡದ್ದೇ ಹೆಚ್ಚು.

ಅದಕ್ಕೇ ಹಳೆಯ ವ್ಯಾನೊಂದನ್ನು ಕೊಂಡು ಮಂಚ, ಒಲೆ, ಪುಟ್ಟದೊಂದು ಸಂಡಾಸು ಕೂಡಿಸಿ ಗಾಲಿಯ ಮೇಲಿನ ಮನೆ ಮಾಡಿಸೋಣ ಅಂದವನು ನಾನೇ. ಐವತ್ತೆರಡು ವರ್ಷದಲ್ಲಿ ನಾನು ತೆಗೆದುಕೊಂಡ ಧೈರ್ಯದ ನಿರ್ಧಾರ ಅದೊಂದೇ. ಅದರ ಬೆನ್ನಿಗೇ ಎರಡನೆಯದು ಬಂತು: ಎಂಜಿನ್ ಯಾವುದು? ಊರ ಹೊರಗಿನ ಶೆಡ್ಡಿನಲ್ಲಿ ಬೀದರ್ ಕಡೆಯ ಮೇಸ್ತ್ರಿ ಎರಡು ವ್ಯಾನು ತೋರಿಸಿದ, ಒಂದು ಡೀಸೆಲ್, ಒಂದು ಸಿಎನ್‌ಜಿ. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

ಅಮೀರ್‌ಪೇಟ್‌ನಲ್ಲಿ ಆಟೋದವರನ್ನು ಕೇಳಿದೆ. ಒಬ್ಬ ಸಿಎನ್‌ಜಿಯೇ ಅಗ್ಗ ಅಂದ. ಇನ್ನೊಬ್ಬ, ಗ್ಯಾಸ್ ಪಂಪಿನ ಸಾಲಿನಲ್ಲಿ ನಿಂತು ನಿಂತೇ ಕೂದಲು ಬೆಳ್ಳಗಾಯಿತು ಅಂತ ತಲೆ ಬಗ್ಗಿಸಿ ತೋರಿಸಿದ. ಡೀಸೆಲ್ ಭಾರ ಎಳೆಯುತ್ತದೆ, ಖರೆ. ಆದರೆ ಹಳೆಯ ಡೀಸೆಲ್ ಗಾಡಿಗಳನ್ನು ಸರ್ಕಾರ ಯಾವತ್ತು ಬೇಡ ಅನ್ನುತ್ತದೋ? ಸಿಎನ್‌ಜಿಗೆ ಹೊಗೆ ಕಡಿಮೆ. ಆದರೆ ಮಲಗುವ ಕಡೆಯೇ ಸಿಲಿಂಡರು! ನಾನೋ, ಅಡುಗೆ ಸಿಲಿಂಡರನ್ನೇ ದಿನಕ್ಕೆ ಮೂರು ಸಲ ತಿರುವಿ ನೋಡುವವನು. ಹಿಮಾಯತ್‌ನಗರದ ನಮ್ಮ ಆಫೀಸಿನ ಕ್ಯಾಂಟೀನಿಗೆ ನಾನು ಬಂದರೆ ಜನ ಚಹಾ ಅರ್ಧಕ್ಕೇ ಬಿಟ್ಟು ಏಳತೊಡಗಿದರು. ಸೋಮವಾರ ಡೀಸೆಲ್ ಅಂತಿದ್ದೆ, ಗುರುವಾರದ ಹೊತ್ತಿಗೆ ಸಿಎನ್‌ಜಿ.

"ಏನ್ರಿ, ನಮ್ಮ ಲಗ್ನಕ್ಕೂ ಇಷ್ಟು ವಿಚಾರ ಮಾಡಿದ್ರೇನು?" ಅಂದಳು ಹೆಂಡತಿ.

"ಆಗ ನಮ್ಮಪ್ಪ ಮಾಡಿದ್ದ."

"ಅದಕ್ಕ ಛಲೋ ಆತು."

ನಾಲ್ಕು ತಿಂಗಳಾದ ಮೇಲೆ ಒಂದು ಗುರುವಾರ, ಮನಸ್ಸು ಮತ್ತೆ ಹೊರಳುವ ಮೊದಲೇ ಮುಗಿಸಿಬಿಡೋಣ ಅಂತ ಅವಳನ್ನು ಕರೆದುಕೊಂಡು ಶೆಡ್ಡಿಗೆ ಹೋದೆ. ಸಿಎನ್‌ಜಿ ಅಂದೆ. ಮೇಸ್ತ್ರಿ ಆ ವ್ಯಾನಿನ ಒಳಗೆ ಸೀಮೆಸುಣ್ಣದಿಂದ ಗೆರೆ ಹಾಕುತ್ತಾ ಹೋದ.

"ಹಿಂದ ಸಿಲಿಂಡರ್ ಕುಂತಾವರಿ ಸಾಹೇಬ್ರ. ಇಲ್ಲಿ ಮಂಚ, ಇಲ್ಲಿ ಒಲಿ. ಸಂಡಾಸಕ್ಕ ಜಾಗ ಸಾಲಂಗಿಲ್ಲ. ಅದನ್ನ ಬಿಟ್ರ ಹೆಂಗ? ದಾರ್ಯಾಗ ಹೋಟೆಲು ಬೇಕಾದಷ್ಟು ಅದಾವ."

ನಾನು ಡೈರಿ ತೆಗೆದೆ. ಮೈಲೇಜು, ಏರು, ಇಳಿಜಾರು, ಮುಂದೆ ಮಾರಿದರೆ ಬರುವ ಬೆಲೆ, ಎಲ್ಲ ಬರೆದಿದ್ದೆ. ಸಂಡಾಸು ಯಾವ ಪುಟದಲ್ಲೂ ಇರಲಿಲ್ಲ.

"ನಡೀತದ, ಅದನ್ನ ಆಮೇಲೆ ನೋಡೋಣ," ಅಂದುಬಿಟ್ಟೆ. ಕೊನೆಗೂ ಒಂದು ನಿರ್ಧಾರ ಕೈಗೆ ಸಿಕ್ಕ ಖುಷಿಯಲ್ಲಿ ಬಾಯಿ ತಾನೇ ಆಡಿತ್ತು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಮೇಸ್ತ್ರಿಯ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ಪಕ್ಕದ ಡೀಸೆಲ್ ವ್ಯಾನು ಹತ್ತಿದಳು. ಹಿಂದಿನ ಮೂಲೆಯಲ್ಲಿ ನಾಲ್ಕು ಗೆರೆ ಎಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಚೌಕದೊಳಗೆ ನಿಂತಳು.

"ಮೊದಲ ಇದು. ಉಳಿದ ಜಾಗದಾಗ ನಿಮ್ಮ ಎಂಜಿನ್ ಯಾವುದರ ಹಾಕ್ಕೋರಿ."

ಮೇಸ್ತ್ರಿ ನನ್ನ ಮುಖ ನೋಡಲೂ ಇಲ್ಲ. "ಡೀಸೆಲ್ ಬರಕೋತೀನ್ರಿ ಅಕ್ಕಾರ," ಅಂದ.

ಎರಡು ತಿಂಗಳ ಮೇಲೆ ಹೊರಟೆವು. ಹೊರಡುವ ಮುಂಚೆ ಅಡುಗೆಮನೆಯಲ್ಲಿ ಅವಳು ಒಂದು ತಂಬಿಗೆ ನೀರನ್ನು ನಿಂತಲ್ಲೇ ಗಟಗಟ ಕುಡಿದದ್ದನ್ನು ನೋಡಿದೆ. ಏನಾದರೂ ಹೇಳಬೇಕು ಅನ್ನಿಸಿತು. ಟೈರಿನ ಗಾಳಿ ಸರಿ ಇದೆಯೋ ಇಲ್ಲವೋ ಅಂತ ಗೊಣಗಿದೆ.

ಜಹೀರಾಬಾದ್ ದಾಟುವಾಗ ಒಂದು ಸಿಎನ್‌ಜಿ ಪಂಪು ಬಂತು. ಸಾಲೇ ಇಲ್ಲ! ಒಂದು ಗಾಡಿಯೂ ಇಲ್ಲ.

"ನೋಡು, ಖಾಲಿ ಬಿದ್ದದ. ನಾವು ತಪ್ಪು ಮಾಡಿದ್ವೇನೋ..."

"ಗಾಡಿ ನಿಲ್ಲಸ್ರಿ."

ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಹಿಂದೆ ಚಿಲಕ ಬಿದ್ದ ಸದ್ದು. ನಾನು ಸ್ಟೀರಿಂಗ್ ಹಿಡಿದು, ಕನ್ನಡಿಯಲ್ಲಿ ಆ ಪಂಪನ್ನೇ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಚಿಲಕ ತೆರೆಯಿತು. ಸೀಟಿನ ಪಕ್ಕದಿಂದ ಒಂದು ಕೈ ಮುಂದೆ ಬಂತು.

"ನೀರಿನ ಬಾಟಲಿ ಕೊಡ್ರಿ ಇತ್ತ."