ಗಾಲ್ಫ್ ಮೈದಾನದಲ್ಲಿ ನಾನಿಟ್ಟ ಕಡ್ಡಿ

ಕಳೆದ ವರ್ಷ ಯುಗಾದಿ ಮುಗಿದ ಮರುವಾರ ನಡೆದದ್ದು. ನಾನು ಯಳಂದೂರು ತಾಲ್ಲೂಕಿನ ಹೊನ್ನೂರಿನ ರೈತ. ಗಾಲ್ಫ್ ಎಂದರೆ ಉಳ್ಳವರು ಬಿಸಿಲಲ್ಲಿ ಅಡ್ಡಾಡುವ ಆಟ ಎಂದಷ್ಟೇ ಗೊತ್ತಿತ್ತು. ಆದರೆ ಕೊಳ್ಳೇಗಾಲದ ನನ್ನಕ್ಕನ ಮಗಳು ಸವಿತಾ ಆ ಆಟದಲ್ಲಿ ಗಟ್ಟಿಗಿತ್ತಿ. ಅವಳಪ್ಪ ಮೈಸೂರಿನ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ಕತ್ತರಿಸುವ ಕೆಲಸಕ್ಕಿದ್ದಾರೆ. ಅವರ ಜೊತೆ ಇದ್ದುಕೊಂಡೇ ಕಲಿತವಳು.

ಅಂದು ರಾಜ್ಯ ತಂಡದ ಆಯ್ಕೆ. ಅವಳ ಗಾಲ್ಫ್ ಕೋಲುಗಳ ಬ್ಯಾಗು ಹೊರಬೇಕಿದ್ದವನಿಗೆ ಜ್ವರ ಬಂದಿತ್ತು. "ಮಾವ, ನೀನೇ ಬಾ. ಬ್ಯಾಗ್ ತಕಂಡು ಸುಮ್ನೆ ನನ್ ಜೊತೆ ನಡುದ್ರೆ ಸಾಕು" ಎಂದಳು. ಸುಮ್ಮನಿರುವುದು ನನ್ನ ಜಾಯಮಾನವಲ್ಲ, ಪಾಪ, ಅವಳಿಗೆ ಅದು ಗೊತ್ತಿರಬೇಕಿತ್ತು.

ಕೊನೆಯ ಕುಳಿ. ಹೊಡೆತ ಕಡಿಮೆಯಾದಷ್ಟೂ ಗೆಲುವು ಎಂದು ಸವಿತಾ ಹೇಳಿದ್ದಳು. ಚೆಂಡು ಕುಳಿಯಿಂದ ಎರಡು ಮಾರು ದೂರದಲ್ಲಿತ್ತು. ಒಂದೇ ಹೊಡೆತಕ್ಕೆ ಬಿದ್ದರೆ, ಒಂದು ಹೊಡೆತದ ಅಂತರದಲ್ಲಿ ಅವಳಿಗೆ ತಂಡದಲ್ಲಿ ಜಾಗ. ಜೊತೆಯಲ್ಲಿ ಆಡುತ್ತಿದ್ದ ಹುಡುಗಿ ಆ ಕಡೆ ತಿರುಗಿ ತನ್ನ ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದಳು. ಸವಿತಾ ತಲೆ ತಗ್ಗಿಸಿ ಚೆಂಡು ಒರೆಸುತ್ತಿದ್ದಳು. ಗದ್ದೆಗೆ ನೀರು ಕಟ್ಟುವ ನನಗೆ ನೆಲದ ಇಳಿಜಾರು ನೋಡಿದ ಕೂಡಲೇ ತಿಳಿಯುತ್ತದೆ. ಕಬ್ಬಿಗೆ ಸಾಲು ಹೊಡೆಯುವಾಗ ಎದುರು ಬದುವಿನಲ್ಲಿ ಕಡ್ಡಿ ನೆಟ್ಟು, ಅದನ್ನೇ ನೋಡಿಕೊಂಡು ಹೋಗುತ್ತೇವಲ್ಲ, ಹಾಗೆಯೇ ಕುಳಿಯ ಬಲಕ್ಕೆ ಒಂದು ಗೇಣು ಬಿಟ್ಟು ಕಡ್ಡಿಯೊಂದನ್ನು ಇಟ್ಟೆ. "ಇಲ್ಗೆ ಒಡಿ ಮಗ" ಎಂದೆ.

ತಲೆಯೆತ್ತಿದವಳ ಮುಖ ಬಿಳಿಚಿಕೊಂಡಿತು.

"ಅಯ್ಯೋ ಮಾವ! ಗುರಿಗೆ ಏನೂ ಇಡಂಗಿಲ್ಲ!"

ಗಾಬರಿಯಿಂದ ಕಡ್ಡಿ ಎತ್ತಿ ಜೇಬಿಗೆ ಹಾಕಿಕೊಂಡೆ. "ತಗ್ದ್ಬುಟ್ನಲ್ಲ, ಯಾರೂ ನೋಡ್ನಿಲ್ಲ ಕಣಮ್ಮಿ."

"ತಗುದ್ರೂ ಓಗಲ್ಲ ಮಾವ. ಎಲ್ಡ್ ಒಡ್ತ ದಂಡ."

ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಅವಳು ಕೈ ಎತ್ತಿ ರೆಫರಿಯನ್ನು ಕರೆದಳು. "ಸಾ, ನಮ್ ಮಾವ ಕಡ್ಡಿ ಇಟ್ರು" ಎಂದು ತಾನೇ ಹೇಳಿದಳು. "ತಪ್ಪು ನಂದು ಸಾ, ಮಗೀಗ್ಯಾಕೆ ದಂಡ?" ಎಂದು ಅಂಗಲಾಚಿದೆ. ಬ್ಯಾಗು ಹೊತ್ತವನ ತಪ್ಪೂ ಆಡುವವಳ ಲೆಕ್ಕಕ್ಕೇ ಸೇರುತ್ತದಂತೆ. ಇದ್ಯಾವ ಸೀಮೆ ನ್ಯಾಯ! ಒಂದೇ ಹೊಡೆತದ ಅಂತರದಲ್ಲಿ ಅವಳ ಜಾಗ ಹೋಯಿತು.

ಕೊಳ್ಳೇಗಾಲದ ಬಸ್ಸಿನಲ್ಲಿ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಮನೆ ತಲುಪಿದಾಗ ಅಕ್ಕ ಮಗ್ಗ ನಿಲ್ಲಿಸಿ ಓಡಿಬಂದಳು. "ಏನಾಯ್ತಮ್ಮಿ?"

ಈಗ ನನ್ನ ಮಾನ ಹೋಯಿತು ಎಂದುಕೊಂಡೆ.

"ಕೊನೇಲಿ ನನ್ ಕೈ ನಡುಗ್ಬುಡ್ತು ಕಣವ್ವ" ಎಂದಳು ಸವಿತಾ.

ನಾನು ದಂಗಾದೆ. ಯಾರೂ ನೋಡದ ತಪ್ಪನ್ನು ಮುಚ್ಚಿಡದ ಹುಡುಗಿ ನನಗಾಗಿ ಹೆತ್ತವಳಿಗೇ ಸುಳ್ಳು ಹೇಳಿದ್ದಳು. "ಇಷ್ಟು ವರ್ಸ ಕಲ್ತು ಏನ್ ಬಂತು?" ಎಂದು ಅಕ್ಕ ಬೈಯುತ್ತಲೇ ಇದ್ದಳು. ನಾನು ಬಾಯಿ ಬಿಡಲಿಲ್ಲ. ಕೊಟ್ಟ ಕಾಫಿ ಕುಡಿದು ಹೊನ್ನೂರಿಗೆ ಬಂದುಬಿಟ್ಟೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಕ್ಕ ಪತ್ರಿಕೆಯ ಈ ಪುಟವನ್ನು ತಪ್ಪದೆ ಓದುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕಾ, ಅವತ್ತು ನಿನ್ನ ಮಗಳ ಕೈ ನಡುಗಲಿಲ್ಲ. ದಂಡ ಬಿದ್ದ ಮೇಲೂ ಅವಳು ಹೊಡೆದ ಚೆಂಡು ಸೀದಾ ಕುಳಿಗೇ ಬಿತ್ತು.