ಏಕಾದಶಿಯ ದಿನ ತಿಮಿಂಗಿಲದ ತಾಲೀಮು

ನಮ್ಮ ಮನೆಯವರಿಗೆ ಎಲ್ಲ ಬುದ್ಧಿಯೂ ಇದೆ, ಪಂಚಾಂಗ ನೋಡುವ ಬುದ್ಧಿಯೊಂದು ಇಲ್ಲ. ಶ್ರೀಲಂಕಾದಲ್ಲಿ ದೋಣಿ ಹತ್ತಿ ತಿಮಿಂಗಿಲ ನೋಡುವುದಕ್ಕೆ ಅವರಮ್ಮನನ್ನೂ ಸೇರಿಸಿ ಮೂವರಿಗೂ ಟಿಕೆಟ್ ಮಾಡಿಸಿ, ಏನೋ ಘನಕಾರ್ಯ ಮಾಡಿದವರಂತೆ ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಅತ್ತೆ ಗೋಡೆಯ ಕ್ಯಾಲೆಂಡರ್ ನೋಡಿ, "ದೋಣಿ ಹತ್ತೋ ದಿನ ಏಕಾದಶಿ ಕಣೋ" ಅಂದರು. ಒಗ್ಗರಣೆಗೆ ಹಾಕಿದ್ದ ಸಾಸಿವೆ ಸೀದುಹೋಯಿತು.

ಅತ್ತೆಯ ಏಕಾದಶಿ ಎಂದರೆ ಹುಡುಗಾಟವಲ್ಲ. ಅವಲಕ್ಕಿ, ಹಣ್ಣು, ಹಾಲು ಯಾವ ರಿಯಾಯಿತಿಯೂ ಇಲ್ಲ, ನೀರು ಮಾತ್ರ. ದೋಣಿಯವರು ಕಳಿಸಿದ ಮೆಸೇಜಿನಲ್ಲಿ ಮೊದಲ ಸೂಚನೆಯೇ ಖಾಲಿ ಹೊಟ್ಟೆಯಲ್ಲಿ ಬರಬೇಡಿ ಎಂದಿತ್ತು. ಸಾಲದ್ದಕ್ಕೆ ಅತ್ತೆಗೆ ವಾಹನ ಹತ್ತಿದರೆ ವಾಂತಿ. ಜಯನಗರದಿಂದ ಕೋಣನಕುಂಟೆಯ ಗೃಹಪ್ರವೇಶಕ್ಕೆ ಹೋಗುವಾಗಲೂ ನಡುವೆ ಕಾರು ನಿಲ್ಲಿಸಲೇಬೇಕು. ವಾಂತಿಗಿಂತ, ಅದನ್ನು ನಾಲ್ಕು ಜನ ನೋಡುತ್ತಾರಲ್ಲ ಎಂಬ ನಾಚಿಕೆಗೇ ಅವರು ಕಾಶಿ ಬಿಟ್ಟರು, ತವರಿನ ಎಷ್ಟೋ ಮದುವೆ ಬಿಟ್ಟರು. ಆದರೆ ಮರಿಯನ್ನು ಪಕ್ಕಕ್ಕೆ ಹಾಕಿಕೊಂಡು ಈಜುವ ತಿಮಿಂಗಿಲವನ್ನು ಟಿವಿಯಲ್ಲಿ ನೋಡಿದಂದಿನಿಂದ, ಒಂದು ಸಲ ಕಣ್ಣಾರೆ ನೋಡಬೇಕೆಂಬ ಆಸೆ. ಏನನ್ನೂ ಕೇಳದ ಹೆಂಗಸು ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಸುದ್ದಿ ಬೀದಿಗೆಲ್ಲ ಹರಡಿತು. ಎದುರುಮನೆ ಆಂಟಿ ನಿಂಬೆಹಣ್ಣು ಮೂಸಿ ಎಂದರು. ಪಕ್ಕದವರು, ನ್ಯೂಸ್‌ಪೇಪರ್ ಮೇಲೆ ಕೂತರೆ ವಾಂತಿ ಹತ್ತಿರವೂ ಸುಳಿಯುವುದಿಲ್ಲ ಎಂದರು.

"ಮಾತ್ರೆ ನುಂಗಿದ್ರಾಯ್ತಮ್ಮ. ಔಷಧಕ್ಕೆ ದೋಷ ಇಲ್ಲ," ಅಂದರು ನಮ್ಮ ಮನೆಯವರು.

"ಏಕಾದಶಿ ಯಾವತ್ತು ಅಂತ ಗೊತ್ತಿಲ್ದಿರೋನು ನಂಗೆ ಶಾಸ್ತ್ರ ಹೇಳ್ಬೇಡ!"

ಕೊನೆಗೆ ಅತ್ತೆಯೇ ಒಂದು ಉಪಾಯ ಹೂಡಿದರು. ಪ್ರವಾಸಕ್ಕೆ ಮುಂಚೆ ಇನ್ನೊಂದು ಏಕಾದಶಿ ಬರುತ್ತಿತ್ತು. ಅಂದು ಉಪವಾಸವಿದ್ದುಕೊಂಡೇ ಬನಶಂಕರಿಯಿಂದ ಕುಮಾರಸ್ವಾಮಿ ಲೇಔಟಿಗೆ ಬಸ್ಸಿನ ಕೊನೇ ಸೀಟಿನಲ್ಲಿ ಹೋಗಿಬರುವುದು. "ಆ ರೋಡಿಗಿಂತ ಸಮುದ್ರ ಇನ್ನೇನು ಕುಲುಕುತ್ತೆ? ವಾಂತಿ ಆಗ್ಲಿಲ್ಲ ಅಂದ್ರೆ ಬರ್ತೀನಿ. ಆಗ್ಬಿಟ್ರೆ, ನನ್ನ ಟಿಕೆಟ್ ಕ್ಯಾನ್ಸಲ್ ಮಾಡ್ಬಿಡಿ." ಅತ್ತೆ ಒಂದು ಮಾತು ಅಂದರೆ ಮುಗಿಯಿತು.

ಆ ದಿನ ಬಸ್ಸಿನಲ್ಲಿ ಮುಂದೆ ಹೆಂಗಸರ ಸೀಟು ಖಾಲಿಯಿದ್ದರೂ ಅತ್ತೆ, ನಾನು ಇಬ್ಬರೂ ಹಿಂದೆ ಹೋಗಿ, ಪೇಪರ್ ಹಾಸಿ ಕೂತದ್ದು ನೋಡಿ ಕಂಡಕ್ಟರಿಗೆ ಆಶ್ಚರ್ಯ. "ಅಜ್ಜೀ, ಮುಂದೆ ಬನ್ನಿ. ಹಿಂದೆ ಎತ್ತಿ ಹಾಕುತ್ತೆ."

"ಎತ್ತಿ ಹಾಕ್ಲಿ ಅಂತ್ಲೇ ಬಂದಿರೋದಪ್ಪ," ಅಂದರು ಅತ್ತೆ ನಿಂಬೆಹಣ್ಣು ಮೂಸುತ್ತ.

ಹೋಗುವಾಗ ಏನೂ ಆಗಲಿಲ್ಲ. ಅತ್ತೆಯ ಮುಖ ಅರಳಿತ್ತು, ದೋಣಿಗೆ ಯಾವ ಸೀರೆ ಉಡಲಿ ಎಂದು ಬೇರೆ ಕೇಳಿದರು. ವಾಪಸು ಬರುವಾಗ ಒಂದು ಹಂಪ್ ಬಂತು. ಅತ್ತೆ ಮಾತು ನಿಲ್ಲಿಸಿ ನನ್ನ ಮೊಣಕೈ ಹಿಡಿದರು. ಬ್ಯಾಗಿನಿಂದ ಕವರ್ ತೆಗೆದು ಹಿಡಿಯುವಷ್ಟರಲ್ಲಿ ಆಗಬಾರದ್ದು ಆಗೇಹೋಯಿತು.

ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಎದ್ದು ಹೋಗಲಿಲ್ಲ. ಅತ್ತೆಯ ಬೆನ್ನು ಸವರುತ್ತ, "ಪರ್ವಾಗಿಲ್ಲ ಅಜ್ಜಿ, ನಂಗೂ ಆಗುತ್ತೆ. ಘಾಟ್‌ನಲ್ಲಿ ನನ್ನ ಅವತಾರ ನೀವು ನೋಡ್ಬೇಕು!" ಅಂದಳು. ಕಂಡಕ್ಟರ್ ತನ್ನ ನೀರಿನ ಬಾಟಲಿ ಕೊಟ್ಟ. ಒಂದಿಬ್ಬರು ತಿರುಗಿ ನೋಡಿ, ಮತ್ತೆ ತಮ್ಮ ಫೋನುಗಳಿಗೆ ಮರಳಿದರು.

ಬನಶಂಕರಿಯಲ್ಲಿ ಇಳಿದಾಗ ನನಗೆ ಅಳುವೇ ಬಂದಿತ್ತು. ಗಂಡನ ಮೇಲೆ, ರೋಡಿನ ಮೇಲೆ, ಆ ಹಾಳು ಹಂಪಿನ ಮೇಲೆ ಕೆಂಡದಂಥ ಕೋಪ. "ಹೋಗ್ಲಿ ಬಿಡಿ ಅತ್ತೆ. ಕ್ಯಾನ್ಸಲ್ ಮಾಡೋಕೆ ಹೇಳ್ತೀನಿ. ನೀವು ಬರ್ದೆ ನಾನೂ ಹೋಗಲ್ಲ," ಅಂದೆ.

ಅತ್ತೆ ಬಾಯಿ ಮುಕ್ಕಳಿಸಿದರು, ಸೆರಗಿನಿಂದ ಮುಖ ಒರೆಸಿಕೊಂಡರು. ಹೊರಟುಹೋಗುತ್ತಿದ್ದ ಬಸ್ಸನ್ನೇ ಸ್ವಲ್ಪ ಹೊತ್ತು ನೋಡಿದರು.

"ಇಷ್ಟೇನಾ ಕಣೆ?" ಅಂದರು. "ಇಷ್ಟಕ್ಕಾ ನಾನು ಇಷ್ಟು ವರ್ಷ ಮನೇಲಿ ಕೂತಿದ್ದು?"

ನಾನು ಬ್ಯಾಗಿನಿಂದ ಫೋನ್ ತೆಗೆದೆ. ಅತ್ತೆ ನನ್ನ ಕೈ ತಡೆದರು.

"ಕ್ಯಾನ್ಸಲ್ಲೂ ಬೇಡ ಗೀನ್ಸಲ್ಲೂ ಬೇಡ. ಅಲ್ಲೂ ಆದ್ರೆ ಹೀಗೇ ಬಾಯಿ ಮುಕ್ಕಳಿಸ್ಕೊಂಡು ನೋಡ್ತೀನಿ. ಕವರ್ ಮಾತ್ರ ಜಾಸ್ತಿ ಇಟ್ಕೋ."